ಕಣಗಿಲೆ ಬೇಲಿ ಸುಡಿಸಿದವರಿಗೆ

ಉದ್ಯಾನ ಇಲಾಖೆಯ ಮುಖ್ಯಾಧಿಕಾರಿಗಳೇ,

ಮಾನ್ಯರೇ ಎಂದು ಬರೆಯಲು ಕೈ ಬರಲಿಲ್ಲ. ಈ ಸೋಮವಾರ ಬೆಳಿಗ್ಗೆ ಹತ್ತೂವರೆಗೆ ನಿಮ್ಮ ಇಲಾಖೆಯ ನಾಲ್ವರು ಗ್ಯಾಸಿನ ಬೆಂಕಿ ಪೈಪು ಹಿಡಿದು ಬಸ್ ಡಿಪೋದ ಹಿಂದಿನ ಕಣಗಿಲೆ ಬೇಲಿಗೆ ಬಂದರು. ಅಲ್ಲಿದ್ದ ಚಿಟ್ಟೆಹುಳುಗಳನ್ನೆಲ್ಲ ಜೀವಂತ ಸುಟ್ಟರು. ಅಡ್ಡ ಬಂದ ನನ್ನ ಅಣ್ಣನ ಬಲಗೈಯನ್ನೂ ಸುಟ್ಟರು. ಅರವತ್ತನಾಲ್ಕು ಗಿಡಗಳಲ್ಲಿ ಒಂದನ್ನೂ ಬಿಡಲಿಲ್ಲ. ಹೇಗೆ ಬಿಟ್ಟಾರು? ಮೇಸ್ತ್ರಿಯ ಕೈಯಲ್ಲಿ ನಕ್ಷೆಯಿತ್ತು. ಆ ನಕ್ಷೆ ಬರೆದವಳು ನಾನು.

ನಾನು ಕನ್ನಡಕದ ಅಂಗಡಿಯವಳು. ಅಣ್ಣ ಡಿಪೋದಲ್ಲಿ ಟೈರು ಬಿಚ್ಚಿ ಹಾಕುವವನು. ಹನ್ನೊಂದು ವರ್ಷದ ಹಿಂದೆ ಮಧ್ಯಾಹ್ನ ಡಬ್ಬಿ ಹಿಡಿದು ಬೇಲಿಯ ಬದಿಗೆ ಕೂತಿದ್ದಾಗ ಅವನ ಕಣ್ಣಿಗೆ ಈ ಹುಳು ಬಿತ್ತು. ಕಂದು ಬಿಳಿ ಪಟ್ಟೆ, ಬೆನ್ನ ಮೇಲೆ ನಾಲ್ಕು ಜೊತೆ ಕಪ್ಪು ಕೊಂಬು. ಅಂದಿನಿಂದ ನಮ್ಮಿಬ್ಬರಿಗೂ ಅದೇ ಹುಚ್ಚು. ಅಂಗಡಿಯ ಹಿಂದಿನ ಕೋಣೆಯಲ್ಲಿ, ಲೆನ್ಸ್ ಉಜ್ಜುವ ಯಂತ್ರದ ಪಕ್ಕದಲ್ಲೇ, ಸೊಳ್ಳೆಪರದೆ ಕತ್ತರಿಸಿ ಹೊಲಿದ ಪಂಜರಗಳಲ್ಲಿ ಹುಳು ಸಾಕುತ್ತೇವೆ. ಎಳೆ ಹುಳುವನ್ನು ಎಲೆಯಿಂದ ಎಲೆಗೆ ದಾಟಿಸುವುದು ಅಣ್ಣನ ಕೆಲಸ. ಲಾರಿ ಟೈರು ಎತ್ತುವ ಆ ಕೈ, ಕೋಳಿ ಗರಿಯ ತುದಿಯಲ್ಲಿ ದಾರದೆಳೆಯಷ್ಟು ಹುಳುವನ್ನು ನೋಯಿಸದೆ ಎತ್ತುತ್ತಿತ್ತು. ರೆಕ್ಕೆ ಬಂದ ಮೇಲೆ ಅದೇ ಬೇಲಿಗೆ ಒಯ್ದು ಬಿಡುತ್ತಿದ್ದೆವು. “ನಿಮ್ಮಣ್ಣಂಗೆ ನಾನು ಹುಟ್ಟಿದ ದಿನ ನೆನಪಿಲ್ಲ, ಹುಳ ಪೊರೆ ಬಿಟ್ಟ ದಿನ ಮಾತ್ರ ಬರೆದಿಟ್ಕೋತಾರೆ,” ಎಂದು ಅತ್ತಿಗೆ ಗೊಣಗುತ್ತಾಳೆ. ಇದರಿಂದ ಇಷ್ಟು ವರ್ಷ ತೊಂದರೆಯಾಗಿದ್ದು ಅವಳೊಬ್ಬಳಿಗೇ.

ಬೇಲಿ ಕಡಿಯುತ್ತಾರೆಂಬ ಸುದ್ದಿ ಬಂತು. ಉಳಿಸಿಕೊಡಿ ಎಂದು ನಿಮ್ಮ ಕಚೇರಿಗೆ ಬಂದೆ. ನಿಮ್ಮ ಗುಮಾಸ್ತರು ಬಹಳ ಮರ್ಯಾದೆಯಿಂದ ಮಾತಾಡಿದರು. “ಸುಮ್ನೆ ಹುಳ ಇದೆ ಅಂದ್ರೆ ಆಗಲ್ಲಮ್ಮ. ಎಲ್ಲಿವೆ, ಎಷ್ಟಿವೆ, ಬರೆದು ಕೊಡಿ. ಸಾಹೇಬ್ರು ನೋಡ್ತಾರೆ,” ಎಂದರು. ಮೂರು ಭಾನುವಾರ ಅಣ್ಣ ತಂಗಿ ಮಂಡಿಯೂರಿ ಎಣಿಸಿದೆವು. ಪ್ರತಿ ಗಿಡಕ್ಕೂ ಸಂಖ್ಯೆ ಕೊಟ್ಟೆ, ಪ್ರತಿ ಹುಳುವಿಗೂ ನಕ್ಷೆಯಲ್ಲಿ ಕೆಂಪು ಚುಕ್ಕಿ ಇಟ್ಟೆ. ಒಟ್ಟು ಎಂಟುನೂರ ಹನ್ನೆರಡು. ನಿಮ್ಮವರು ಪರೀಕ್ಷೆಗೆ ಬಂದರೆ ಹುಡುಕಾಡಬಾರದೆಂದು ಹುಳುವಿದ್ದ ಕೊಂಬೆಗಳಿಗೆಲ್ಲ ಕೆಂಪು ದಾರ ಬೇರೆ ಕಟ್ಟಿದೆ! ಹುಳುವಿನ ಹುಚ್ಚು ಹಿಡಿದವರು ಮಾತ್ರ ಮಾಡುವ ತಪ್ಪು ಇದು. ಒಮ್ಮೆ ತೋರಿಸಿಬಿಟ್ಟರೆ ಯಾರಿಗಾದರೂ ಪ್ರೀತಿ ಹುಟ್ಟೀತು ಎಂದು ನಂಬುತ್ತೇವೆ. ಎಂಟು ದಿನಕ್ಕೆ ನಿಮ್ಮ ಆದೇಶ ಹೊರಬಿತ್ತು: “ಅರ್ಜಿದಾರರೇ ಸಲ್ಲಿಸಿರುವ ಮಾಹಿತಿಯಿಂದ ವಿಪರೀತ ಹುಳುಬಾಧೆ ದೃಢಪಟ್ಟಿದ್ದು, ತಕ್ಷಣ ನಿರ್ಮೂಲನೆ ಮಾಡತಕ್ಕದ್ದು.” ಓದಿ ಬರೆದು ದೊಡ್ಡ ಹುದ್ದೆಗೆ ಬಂದವರಲ್ಲವೇ ನೀವು? ‘ರಕ್ಷಿಸಿ’ ಎಂಬ ಅರ್ಜಿಯಲ್ಲಿ ‘ಕೊಲ್ಲಿ’ ಎಂದು ಓದಲು ಯಾವ ಶಾಲೆಯಲ್ಲಿ ಕಲಿತಿರಿ?

ಹುಳು ಸುಡುವುದನ್ನು ನೀವು ನೋಡಿದ್ದೀರಾ? ನೋಡಿರಲಾರಿರಿ, ನಿಮ್ಮದು ಸಹಿ ಹಾಕುವ ಕೆಲಸ. ಬೆಂಕಿ ತಾಗಿದ ಹುಳು ಮೊದಲು ತಲೆಯೆತ್ತಿ ಆಚೀಚೆ ಬೀಸುತ್ತದೆ. ಆಮೇಲೆ ಮೈ ಉಬ್ಬಿ ಪಟ್ಟೆಂದು ಒಡೆಯುತ್ತದೆ. ಒಳಗಿನ ಹಸಿರು ನೀರು ಎಲೆಯ ಮೇಲೆ ಕುದಿಯುತ್ತದೆ. ಅಂಥದ್ದು ಗಿಡಕ್ಕೆ ಹತ್ತು, ಹದಿನೈದು. ನಾನು ಅಂಗಡಿ ಬಿಟ್ಟು ಓಡಿಬರುವಾಗ ಅವರು ಇಪ್ಪತ್ತನೇ ಗಿಡ ಮುಗಿಸಿದ್ದರು. ಮೇಸ್ತ್ರಿ ನನ್ನ ನಕ್ಷೆಯ ಮೇಲೆ ಪೆನ್ಸಿಲಿನಿಂದ ಗೀಟು ಹಾಕಿಕೊಳ್ಳುತ್ತಿದ್ದ. ಡಿಪೋದಿಂದ ಅಣ್ಣ ಬಂದ.

“ನಿಲ್ಸಯ್ಯಾ! ಅದು ವಿಷದ ಗಿಡ, ಹೊಗೆ ಕುಡಿದ್ರೆ ಸಾಯ್ತೀರ!”

“ಸರೀರಿ ಆ ಕಡೆ. ಆರ್ಡರ್ ಇದೆ,” ಎಂದ ಪೈಪಿನವನು.

ಅಣ್ಣ ಪೈಪಿನ ಬಾಯಿಯನ್ನೇ ಹಿಡಿದ. ಅವನು ಗ್ಯಾಸು ನಿಲ್ಲಿಸಲಿಲ್ಲ. ಕೈ ಬಿಡಿಸಿಕೊಂಡಾಗ ಅಂಗೈಯ ಚರ್ಮ ಕಬ್ಬಿಣಕ್ಕೆ ಅಂಟಿಕೊಂಡು ಉಳಿಯಿತು. ಆ ವಾಸನೆ ಇವತ್ತಿಗೂ ನನ್ನ ಮೂಗಿನಿಂದ ಹೋಗಿಲ್ಲ. ಕಾಲಡಿಯಲ್ಲಿ ಇಟ್ಟಿಗೆ ಸಿಕ್ಕಿತು, ಪೈಪಿನವನ ತಲೆಗೆ ಹೊಡೆದೆ. ಅವನು ಬಗ್ಗಿದ ಮೇಲೆ ಇನ್ನೊಂದು ಹೊಡೆದೆ. ಕಿವಿ ಹರಿದು ಅಂಗಿಯೆಲ್ಲ ರಕ್ತವಾಯಿತು. ನಮ್ಮಿಬ್ಬರ ಮೇಲೆ ಕೊಟ್ಟ ಪೊಲೀಸ್ ದೂರಿನಲ್ಲಿ ನೀವು ಒಂದೇ ಏಟು ಎಂದು ಬರೆಸಿದ್ದೀರಿ, ತಿದ್ದಿಕೊಳ್ಳಿ. ಆ ಎರಡೂ ನಿಮಗೆ ಬೀಳಬೇಕಿದ್ದವು. ಕೈಗೆ ಸಿಕ್ಕವನು ಅವನಾದ, ಅದಕ್ಕೆ ನನಗೆ ಹೊಟ್ಟೆ ಉರಿಯುತ್ತದೆ.

ಕಣಗಿಲೆಯ ಹೊಗೆ ವಿಷವೆಂದು ಟೈರಿನವನಿಗೆ ಗೊತ್ತು. ಉದ್ಯಾನ ಇಲಾಖೆಗೆ ಗೊತ್ತಿಲ್ಲ! ಉಳಿದವರು ಪೈಪು ಎತ್ತಿಕೊಂಡು ಅರವತ್ತನಾಲ್ಕನೇ ಗಿಡದವರೆಗೂ ಸುಟ್ಟು ಮುಗಿಸಿದರು. ಮುಗಿಸಿದ ಹತ್ತೇ ನಿಮಿಷದಲ್ಲಿ ನಿಮ್ಮ ನಾಲ್ವರೂ ಮಂಡಿಯೂರಿ ವಾಂತಿ ಮಾಡುತ್ತಿದ್ದರು. ಆಸ್ಪತ್ರೆಯಲ್ಲಿ ಪೈಪಿನವನನ್ನು ಅಣ್ಣನ ಪಕ್ಕದ ಹಾಸಿಗೆಗೇ ತಂದು ಹಾಕಿದರು. ತಲೆಗೆ ಪಟ್ಟಿ ಕಟ್ಟಿಸಿಕೊಂಡು ಅವನು ಕೇಳಿದ, “ಯಜಮಾನ್ರೇ, ವಿಷ ಅಂತ ನಮಗ್ಯಾರೂ ಹೇಳೇ ಇಲ್ವಲ್ಲ?” ಅಣ್ಣ ಅಂದ, “ಅದನ್ನೇ ಹೇಳೋಕೆ ಬಂದಿದ್ದು ಕಣಯ್ಯಾ.” ಅವರಿಬ್ಬರೂ ಈಗ ಮಾತಾಡಿಕೊಳ್ಳುತ್ತಾರೆ. ನೀವು ಮಾತ್ರ ಆಸ್ಪತ್ರೆಯ ಕಡೆ ತಲೆಹಾಕಿಲ್ಲ. ಅಣ್ಣನ ಮೂರು ಬೆರಳು ಇನ್ನು ಮಡಚುವುದಿಲ್ಲ ಎಂದು ಡಾಕ್ಟರು ಹೇಳಿದ್ದಾರೆ. ಗರಿ ಹಿಡಿಯುವುದು ಮುಗಿಯಿತು.

ಇಷ್ಟಕ್ಕೇ ಬಿಡಲಿಲ್ಲ ನೀವು. ಅದೇ ಮಧ್ಯಾಹ್ನ ನಿಮ್ಮ ಇನ್‌ಸ್ಪೆಕ್ಟರು ನನ್ನ ಅಂಗಡಿಗೆ ನುಗ್ಗಿ ಪಂಜರಗಳನ್ನು ತುಳಿದು ಮುರಿದರು. ಹಿಂದಿನ ದಿನವಷ್ಟೇ ಹುಳುಗಳು ಕಟ್ಟಿದ್ದ ಹದಿನೇಳು ಗೂಡುಗಳನ್ನು ಕಿತ್ತು, ಗಾಜಿನ ಭರಣಿಗೆ ಸುರಿದು, ಮುಚ್ಚಳಕ್ಕೆ ಅರಗು ಹಾಕಿ ಮೊಹರು ಒತ್ತಿದರು. ಚೀಟಿಯ ಮೇಲೆ ‘ವಿಷಕಾರಿ ಕೀಟ, ಸಾಕ್ಷ್ಯ’ ಎಂದಿದೆ. ಆ ಭರಣಿ ನಿಮ್ಮ ಕೋಣೆಯ ಕಪಾಟಿನಲ್ಲಿದೆಯಂತೆ. ಬೇಲಿಯ ಸಂತಾನದಲ್ಲಿ ಉಳಿದಿರುವುದು ಅಷ್ಟೇ. ಬರುವ ಮಂಗಳವಾರ ಅವು ಒಡೆಯುತ್ತವೆ. ಹೊರಬಂದ ಚಿಟ್ಟೆಯ ರೆಕ್ಕೆ ಒದ್ದೆ ಚಿಂದಿಯ ಹಾಗಿರುತ್ತದೆ. ಅದು ಎಲ್ಲಾದರೂ ಹತ್ತಿ, ಜೋತುಬಿದ್ದು, ರೆಕ್ಕೆ ಬಿಚ್ಚಿ ಒಣಗಿಸಿಕೊಳ್ಳಬೇಕು. ಗಾಜಿನ ಮೇಲೆ ಕಾಲು ನಿಲ್ಲುವುದಿಲ್ಲ. ಒಂದರ ಮೇಲೊಂದು ಜಾರಿಬಿದ್ದು, ರೆಕ್ಕೆ ಮುದುಡಿದಂತೆಯೇ ಒಣಗಿಹೋಗುತ್ತದೆ. ತಕ್ಷಣ ಸಾಯುವುದೂ ಇಲ್ಲ. ದಿನಗಟ್ಟಲೆ ನಿಮ್ಮ ಕಡತಗಳ ನಡುವೆ ತೆವಳುತ್ತ ಬಡಿದುಕೊಳ್ಳುತ್ತವೆ.

ಬೇಲಿ ಮತ್ತೆ ನೆಡಿ ಎಂದು ಕೇಳುತ್ತಿಲ್ಲ, ನಿಮ್ಮ ಕೈಯಿಂದ ನೆಟ್ಟದ್ದು ಬದುಕೀತೆಂಬ ನಂಬಿಕೆ ಇಲ್ಲ. ಕೇಸು ಹಿಂತೆಗೆಯಿರಿ ಎಂದೂ ಕೇಳುತ್ತಿಲ್ಲ. ಸೋಮವಾರ ಸಂಜೆಯೊಳಗೆ ಆ ಮೊಹರು ಒಡೆಯಿರಿ. ಭರಣಿಯೊಳಗಿನಿಂದ ಹೊರಗಿನವರೆಗೂ ಒರಟು ಗೋಣಿಯ ತುಂಡೊಂದನ್ನು ಇಳಿಬಿಡಿ, ಕಿಟಕಿ ತೆರೆದಿಡಿ. ಸಾಕ್ಷ್ಯ ಬೇಕಲ್ಲವೇ ನಿಮಗೆ? ಖಾಲಿ ಗೂಡು ಅಲ್ಲೇ ಉಳಿಯುತ್ತದೆ. ಹದಿನೇಳನ್ನೂ ಎಣಿಸಿ ನ್ಯಾಯಾಲಯಕ್ಕೆ ಕೊಡಿ, ನಾನು ಒಪ್ಪಿ ಸಹಿ ಹಾಕುತ್ತೇನೆ. ಆಗದಿದ್ದರೆ ಮಂಗಳವಾರ ಬೆಳಿಗ್ಗೆ ಕಚೇರಿ ಬಾಗಿಲು ತೆರೆಯುವಾಗ ಅಣ್ಣನ ಟೈರು ಬಿಚ್ಚುವ ಸಲಾಕೆ ಹಿಡಿದು ನಾನೇ ಬರುತ್ತೇನೆ. ಕಪಾಟಿಗೆ ಅಡ್ಡ ಯಾರು ನಿಂತಿದ್ದಾರೆಂದು ನೋಡುವುದಿಲ್ಲ. ಈ ಸಲ ಪೈಪಿನವನನ್ನು ಮುಂದೆ ಬಿಡಬೇಡಿ, ನೀವೇ ಬಂದು ನಿಲ್ಲಿ.

ಇಂತಿ,
ಜಾಮೀನಿನ ಮೇಲೆ ಹೊರಗಿರುವ ಎರಡನೇ ಆರೋಪಿ.
(ಮೊದಲನೇ ಆರೋಪಿ ಎಡಗೈಯಲ್ಲಿ ಸಹಿ ಹಾಕುವುದನ್ನು ಇನ್ನೂ ಕಲಿಯುತ್ತಿದ್ದಾನೆ.)