ಬೆಂಕಿ ಆರಿದ ಮೇಲೂ ಏಳುತ್ತಿದ್ದಿರಲ್ಲ, ಭಾವ

ಪ್ರೀತಿಯ ಭಾವ,

ನಾಲ್ಕು ವರ್ಷದ ಹಿಂದೆ, ಬ್ಯಾರನ್ ಮನೆಗಳಲ್ಲಿ ಹಗಲೂ ರಾತ್ರಿ ಬೆಂಕಿ ಹಾಕಿ ಹೊಗೆಸೊಪ್ಪು ಬೇಯಿಸುವ ಶ್ರಾವಣದಲ್ಲಿ, ನಮ್ಮೂರ ಶಾಲೆಯ ಎರಡನೇ ಕೋಣೆಯಲ್ಲಿ ನಿಮಗೆ ಅನ್ಯಾಯವಾಯಿತು. ಉಚಿತ ತಪಾಸಣೆಯ ಶಿಬಿರದವರು ಒಂದೇ ಬೆಂಚಿನಲ್ಲಿ ಕೂತಿದ್ದ ನಿಮ್ಮಿಬ್ಬರಲ್ಲಿ ತಮ್ಮೇಗೌಡರ ಹೆಸರನ್ನು ಮೈಸೂರಿನ ಆಪರೇಷನ್ನಿಗೆ ಬರೆದುಕೊಂಡರು, ನಿಮ್ಮನ್ನು ಮನೆಗೆ ಕಳಿಸಿದರು. ಪ್ರಾಸ್ಟೇಟ್ ಗ್ರಂಥಿ ಇಬ್ಬರಿಗೂ ದೊಡ್ಡದಾಗಿತ್ತು. ನಿಮ್ಮದನ್ನು ಯಾರೂ ನೋಡಲಿಲ್ಲ, ಅಷ್ಟೆ. ನೀವು ತೀರಿಕೊಂಡು ಹದಿನಾಲ್ಕು ತಿಂಗಳಾಯಿತು. ತಮ್ಮೇಗೌಡರು ಬಸ್ ಸ್ಟಾಪಿನ ಹೋಟೆಲಿನಲ್ಲಿ ಒಂದರ ಮೇಲೊಂದು ಟೀ ಕುಡಿದು, ಮಧ್ಯೆ ಒಮ್ಮೆಯೂ ಎದ್ದು ಹೋಗದೆ ಕೂತಿರುತ್ತಾರೆ. ಅವರನ್ನು ಕಂಡರೆ ನನಗೆ ಹೊಟ್ಟೆ ಉರಿಯುತ್ತದೆ. ನಿಮ್ಮ ಹತ್ತಿರ ಮುಚ್ಚಿಡುವುದೇನು?

ಆ ಕೋಣೆ ನೆನಪಿದೆಯೇ? ಕೈಯಲ್ಲಿ ಹಾಳೆ ಹಿಡಿದ ಹುಡುಗಿ ಕೇಳಿದಳು, “ರಾತ್ರಿ ಎಷ್ಟು ಸಲ ಏಳ್ತೀರ, ತಾತ?” ನೀವು ಮೀಸೆ ತೀಡಿಕೊಂಡಿರಿ. “ಮಲಗದೇ ಕಮ್ಮಿ ಕಣವ್ವ. ಬ್ಯಾರನ್ ಬೆಂಕಿ ನೋಡ್ಕಳದು ನಾನೇ. ನಾ ಎದ್ದು ಸೌದೆ ತಳ್ಳದಿದ್ರೆ ಸೊಪ್ಪೆಲ್ಲ ಕರ‍್ರಗಾಯ್ತದೆ.” ಅವಳು ನಕ್ಕು, ‘ಕೆಲಸಕ್ಕಾಗಿ ಏಳುತ್ತಾರೆ’ ಎಂದು ಬರೆದು ನಿಮ್ಮ ಹಾಳೆಯನ್ನು ಆಚೆ ಇಟ್ಟಳು. ಪಕ್ಕದಲ್ಲಿದ್ದ ತಮ್ಮೇಗೌಡರಿಗೆ ಅಂಥ ನೆಪವೇ ಇರಲಿಲ್ಲ. “ನಂಗೆ ಬ್ಯಾರನ್ನೂ ಇಲ್ಲ, ಗೀರನ್ನೂ ಇಲ್ಲ ಕಣವ್ವ. ಉಚ್ಚೆಗೇ ಏಳದು. ಆರು ಸಲ.” ಕೋಣೆಯಲ್ಲಿದ್ದವರೆಲ್ಲ ನಕ್ಕರು. ನೀವೂ ನಕ್ಕಿರಿ. ನಾನೂ.

ನಿಮ್ಮ ಮನೆಯಲ್ಲಿ ಬೆಂಕಿಯ ಪಾಳಿ ನಿಮ್ಮೊಬ್ಬರ ಪಾಲಿಗೆ ಬಂದದ್ದು ಹೇಗೆಂದು ಈಗ ಯೋಚಿಸುತ್ತೇನೆ. ಮೊದಲು ಸರದಿಯಿತ್ತು, ನಿಮ್ಮ ತಮ್ಮ ಒಂದು ದಿನ, ಮಗ ಒಂದು ದಿನ. ಆಮೇಲೆ ಒಂದು ವರ್ಷ ಅಕ್ಕನೇ ಹೇಳಿದಳಂತೆ, “ಅವರು ಎಂಗೂ ಗಳಿಗೆಗೊಂದ್ಸಲ ಏಳ್ತಾರೆ, ಅವರೇ ನೋಡ್ಕಳ್ಳಿ ಬುಡು.” ಕಾಯಿಲೆಯೊಂದು ಹೀಗೆ ಮನೆಯ ಕೆಲಸವಾಗಿಬಿಟ್ಟಿತು. ಆ ವರ್ಷದಿಂದ ನಿಮ್ಮ ಸೊಪ್ಪು ನಿಂಬೆಹಣ್ಣಿನ ಬಣ್ಣಕ್ಕೆ ತಿರುಗಿತು. ಪಿರಿಯಾಪಟ್ಟಣದ ಹರಾಜಿನಲ್ಲಿ ಕೊಳ್ಳುವವರು ನಿಮ್ಮ ಸೊಪ್ಪಿನ ಮೂಟೆಯ ಮುಂದೆ ನಿಲ್ಲುತ್ತಿದ್ದರು, ಅಂಚು ಸುಟ್ಟ ನನ್ನ ಸೊಪ್ಪಿನ ಮೂಟೆಯನ್ನು ದಾಟಿಕೊಂಡು ಹೋಗುತ್ತಿದ್ದರು. ಏನು ಮಂತ್ರ ಭಾವ ಎಂದು ಕೇಳಿದ್ದಕ್ಕೆ ನೀವು ಹೇಳಿದ್ದು: “ನಿನ್ನಂಗೆ ಮಕದ ಮ್ಯಾಲೆ ಪುಸ್ತಕ ಕವುಚ್ಕಂಡು ಗೊರ‍್ಕೆ ಹೊಡದ್ರೆ ಆಯ್ತದೇನ್ಲಾ, ಮಾದೇವ?”

ಆ ಪುಸ್ತಕಗಳಲ್ಲೇ ನಾನು ಓದಿದ್ದೆ. ರಾತ್ರಿ ಪದೇ ಪದೇ ಏಳುವುದು, ಧಾರೆ ಸಣ್ಣದಾಗುವುದು, ಮುಗಿದರೂ ಮುಗಿಯಲಿಲ್ಲ ಅನ್ನಿಸುವುದು, ಎಲ್ಲ ಗೊತ್ತಿತ್ತು. ಶಿಬಿರಕ್ಕೆ ಮುಂಚಿನ ಸಂಕ್ರಾಂತಿಗೆ ನಿಮ್ಮ ಮನೆಯಲ್ಲಿ ತಂಗಿದ್ದಾಗ ನೀವು ಹಿತ್ತಿಲ ಗೋಡೆಗೆ ಮುಖ ಮಾಡಿ ಬಹಳ ಹೊತ್ತು ನಿಂತದ್ದನ್ನೂ ನೋಡಿದ್ದೆ. ಬ್ಯಾರನ್ ತಣ್ಣಗಾಗಿ ತಿಂಗಳುಗಳೇ ಕಳೆದಿದ್ದವು. ನೋಡಲು ಯಾವ ಬೆಂಕಿಯಿತ್ತು? ಆ ಹುಡುಗಿಗೆ ಇದೊಂದು ಮಾತನ್ನು ಹೇಳಬಹುದಿತ್ತು. ಆದರೆ ನೀವು ಅಲ್ಲಿ ಕೂಡ ಸೊಪ್ಪಿನ ಬಡಾಯಿ ಶುರುಮಾಡಿದ ಕೂಡಲೇ ನನಗೆ ಒಳಗೊಳಗೇ ಉರಿದು, ಕಿಟಕಿಯ ಕಡೆ ತಿರುಗಿ ಕೂತೆ. ಹೇಳಿದ್ದರೆ…

ಎರಡು ವರ್ಷದ ಮೇಲೆ ಒಂದು ಬೆಳಿಗ್ಗೆ ಪೂರ್ತಿ ಕಟ್ಟಿಕೊಂಡಿತು. ಹುಣಸೂರಿನಲ್ಲಿ ಪೈಪು ಹಾಕಿ ಮೈಸೂರಿಗೆ ಕಳಿಸಿದರು. ಅಲ್ಲಿ ತಮ್ಮೇಗೌಡರಿಗೆ ಮಾಡಿದ ಆಪರೇಷನ್ನನ್ನೇ ನಿಮಗೂ ಮಾಡಿದರು. ಹೊಟ್ಟೆ ಕೊಯ್ಯಲಿಲ್ಲ, ಮೂತ್ರದ ದಾರಿಯಲ್ಲೇ ಸಣ್ಣ ಕೊಳವೆ ತೂರಿಸಿ, ಒಳಗೆ ಅಡ್ಡ ಬೆಳೆದದ್ದನ್ನು ಕೆತ್ತಿ ತೆಗೆದರು. ಮೂರನೇ ದಿನ ಪೈಪು ತೆಗೆದಾಗ ನೀವು ಮಧ್ಯಾಹ್ನದವರೆಗೆ ನೀರು ಕುಡಿದಿರಿ, ನಲ್ಲಿ ಬಿಟ್ಟು ಅದರ ಸದ್ದು ಕೇಳಿದಿರಿ. ಒಂದು ಹನಿ ಬರಲಿಲ್ಲ. ಡಾಕ್ಟರು ಮಂಚದ ಪಕ್ಕ ಕೂತು ಹೇಳಿದರು: “ಆಪರೇಷನ್ ಚೆನ್ನಾಗೇ ಆಗಿದೆ, ದಾರಿ ಬಿಟ್ಟಿದೆ. ಮೂತ್ರಕೋಶ ಸೋತಿದೆ. ವರ್ಷಗಟ್ಟಲೆ ತಿಣುಕಿ ತಿಣುಕಿ ಅದಕ್ಕೆ ಹಿಂಡೋ ಶಕ್ತಿ ಉಳಿದಿಲ್ಲ. ಬೇಗ ಬರಬೇಕಿತ್ತು.” “ಏಟು ಬೇಗ, ಸಾಮಿ?” ಎಂದಿರಿ. “ಎರಡು ವರ್ಷ ಮುಂಚೆ ಬಂದಿದ್ದರೆ ಗೆಲ್ತಿತ್ತೇನೋ.” ನೀವು ನನ್ನ ಮುಖ ನೋಡಿದಿರಿ. ಏನಾದರೂ ಕೇಳಬೇಕೆಂದಿದ್ದಿರಾ, ಭಾವ? ಮತ್ತೆ ಪೈಪು, ಸೊಂಟಕ್ಕೆ ಚೀಲ. ಜ್ವರ ಬಂತು, ಹೋಯಿತು, ಮತ್ತೆ ಬಂತು. ಕೊನೆಗೆ ಕಿಡ್ನಿಗಳು.

ಮೊನ್ನೆ ಹೋಟೆಲಿನಲ್ಲಿ ತಮ್ಮೇಗೌಡರು ನನ್ನನ್ನು ಕರೆದು ಕೂರಿಸಿಕೊಂಡರು. “ಮೊದ್ಲು ಒಂದೆಲ್ಡು ವಾರ ಉರಿ ಇತ್ತು ಕಣೋ ಮಾದೇವ. ಕೆಮ್ಮುದ್ರೆ ಪಂಚೆ ಒದ್ದೆಯಾಗದು, ಅದೂ ನಿಲ್ತು. ಈಗ ಕೋಳಿ ಕೂಗೋಗಂಟ ನಿದ್ದೆ. ಧಾರೆ ಅಂದ್ರೆ, ಬೇಲಿ ದಾಟ್ತದೆ ಕಣ್ಲಾ.” ಎದುರಿಗಿದ್ದವರು ನಕ್ಕರು. ಒಳ್ಳೆಯ ಮನುಷ್ಯ, ನಿಮ್ಮ ಚಟ್ಟಕ್ಕೆ ಹೆಗಲು ಕೊಟ್ಟವರು. ಆದರೂ ಅವರ ಆ ನಿದ್ದೆಯನ್ನು ಕಿತ್ತು ನಿಮಗೆ ಕೊಡುವಂತಿದ್ದರೆ ನಾನು ಕ್ಷಣವೂ ಹಿಂದುಮುಂದು ನೋಡುತ್ತಿರಲಿಲ್ಲ. ಟೀ ಅರ್ಧಕ್ಕೇ ಬಿಟ್ಟು ಎದ್ದು ಬಂದೆ.

ನಿಮಗೆ ಗೊತ್ತಿಲ್ಲದ ಸುದ್ದಿ ಇದು: ಈ ಭಾನುವಾರ ಅದೇ ಶಿಬಿರ, ಅದೇ ಶಾಲೆಯಲ್ಲಿ. ಗೇಟಿಗೆ ಕಟ್ಟಿದ ಬ್ಯಾನರಿನಲ್ಲಿ ತಮ್ಮೇಗೌಡರು ಪೇಟ ಸುತ್ತಿಕೊಂಡು ನಗುತ್ತಿದ್ದಾರೆ, ಕೆಳಗೆ ‘ಯಶಸ್ವಿ ಶಸ್ತ್ರಚಿಕಿತ್ಸೆ’. ಅಕ್ಕ ಅದರ ಮುಂದೆ ನಿಂತು, “ಇವರ ಪಕ್ಕದಲ್ಲಿ ಅವರೂ ಇರಬೈದಿತ್ತು ಕಣೋ,” ಎಂದಳು. ನಾನು ಶಿಬಿರದವರ ಆಫೀಸಿಗೆ ಹೋಗಿ ಈ ಸಲದ ಪ್ರಶ್ನೆಗಳ ಹಾಳೆ ಕೇಳಿ ಪಡೆದೆ. ಅದೇ ಪ್ರಶ್ನೆ, ಉತ್ತರಕ್ಕೆ ಅದೇ ಒಂದು ಗೆರೆ. ನಿಮ್ಮ ವಿಷಯ ಹೇಳಿದ್ದಕ್ಕೆ ಅಲ್ಲಿದ್ದವರು, “ಸರ್, ಕೆಲಸಕ್ಕೆ ಏಳ್ತೀನಿ ಅಂತ ಅವರೇ ಹೇಳಿದ್ರು, ನಾವೇನ್ ಮಾಡೋಣ?” ಎಂದರು. ಕಂಪಲಾಪುರದಿಂದ ಹನಗೋಡಿನವರೆಗೆ ಊರೂರಲ್ಲಿ ಬ್ಯಾರನ್ ಇರುವ ಸೀಮೆಯಲ್ಲಿ ಶಿಬಿರ ಮಾಡುವವರು ಆಡುವ ಮಾತೇ ಇದು?

ಭಾನುವಾರ ನಾನು ಎದ್ದು ನಿಲ್ಲುತ್ತೇನೆ, ಭಾವ. ಕಿಟಕಿ ನೋಡುತ್ತ ಕೂತವನು ನಾನೆಂದು ಮೊದಲು ಹೇಳಿ, ಆಮೇಲೆ ಶಿಬಿರದವರನ್ನು ಕೇಳುತ್ತೇನೆ. ಆಪರೇಷನ್ ಆದವರಲ್ಲಿ ಯಾರು ಗುಣವಾದರು, ಯಾರು ಇನ್ನೂ ಪೈಪು ಹೊತ್ತಿದ್ದಾರೆ? ನೀವು ಮನೆಗೆ ಕಳಿಸಿದವರು ಯಾರು ಯಾರು, ಅವರ ಬಾಗಿಲಿಗೆ ಒಮ್ಮೆಯಾದರೂ ಹೋದಿರಾ? ‘ಬೆಂಕಿ ಆರಿದ ಮೇಲೂ ಏಳುತ್ತೀರಾ’ ಎಂಬ ಇನ್ನೊಂದು ಪ್ರಶ್ನೆ ಆ ಹಾಳೆಯಲ್ಲಿ ಇವತ್ತಿಗೂ ಏಕಿಲ್ಲ? ಉತ್ತರವನ್ನು ಪಕ್ಕಕ್ಕೆ ಕರೆದು ನನ್ನ ಕಿವಿಯಲ್ಲಿ ಹೇಳುವುದು ಬೇಡ. ಆ ಬ್ಯಾನರಿನ ಕೆಳಗೆ, ಮುಂದಿನ ಸಾಲಿನಲ್ಲಿ ಅಕ್ಕ ಕೂತಿರುವಾಗ, ಮೈಕಿನಲ್ಲಿ ಹೇಳಲಿ.

ನಿಮ್ಮ
ಮಾದೇವ