ಎತ್ತಿ ಕುಡಿದ ನೀರು

ಸಿಡ್ನಿ
ಶುಕ್ರವಾರ, 3 ಮಾರ್ಚ್ 1989

ಏಕಾದಶಿ. ನಿರಾಹಾರ. ಐದಕ್ಕೆ ಎದ್ದು ಸ್ನಾನ, ದೇವರ ಪಾತ್ರೆ ತೊಳೆದದ್ದು. ಮಗಳು ಅಹಲ್ಯಾಗೆ, ಅಳಿಯ ತ್ರಿವಿಕ್ರಮನಿಗೆ ಡಬ್ಬಿ ಕಟ್ಟಿದೆ. ಬಟ್ಟೆ ಒಣಹಾಕುವಾಗ ಬೀದಿಯಲ್ಲಿ ಗದ್ದಲ. ಲಾಕಪ್ಪಿನಲ್ಲಿ ಸತ್ತ ತಮ್ಮವನೊಬ್ಬನಿಗಾಗಿ ಇಲ್ಲಿನ ಮೂಲನಿವಾಸಿ ಅಬಾರಿಜಿನಲ್ ಜನರ ಮೆರವಣಿಗೆ. ಎಲ್ಲರಿಗಿಂತ ಮುಂದೆ ನಮ್ಮ ಕೆಳಮನೆಯ ಐರಿನ್. ನನ್ನದೇ ವಯಸ್ಸು. ಏನು ದನಿ ಅವಳದು!

ಮಧ್ಯಾಹ್ನ 2

ಮರೆಯುವ ಮೊದಲೇ ಬರೆಯಬೇಕು.

ಬಿಸಿಲಿಗೆ ಬಳಲಿ ಐರಿನ್ ಗೇಟಿಗೆ ಒರಗಿ ನೀರು ಕೇಳಿದಳು. ಕೈಗೆ ಸಿಕ್ಕಿದ್ದು ಪೂಜೆಯ ಹಿತ್ತಾಳೆ ಚೊಂಬು. ಅದರಲ್ಲೇ ಕೊಟ್ಟೆ. ಎಂಜಲಾದೀತೆಂದು, ತುಟಿಗೆ ತಾಗಿಸದೆ ಎತ್ತಿ ಕುಡಿ ಎಂದು ಕೈಯಲ್ಲಿ ತೋರಿಸಿದೆ. "ಲೈಕ್ ದಿಸ್, ಲವ್?" ಎಂದು ನಕ್ಕು ತಲೆಯ ಮೇಲಕ್ಕೆ ಎತ್ತಿದಳು.

ಅಷ್ಟರಲ್ಲಿ ಪೊಲೀಸರು ಲಾಠಿ ಬೀಸುತ್ತಾ ನುಗ್ಗಿದ್ದರು. ಒಬ್ಬ ತಿರುಗಿದ, ನೋಡಿದ, ಅವಳ ಮೊಣಕೈಗೆ ಬಾರಿಸಿದ. ಚೊಂಬು ಹಾರಿ ಅವನ ಹುಬ್ಬಿಗೇ ತಗುಲಿತು. ರಕ್ತ. ನಾಲ್ಕು ಜನ ಅವಳನ್ನು ವ್ಯಾನಿಗೆ ಎಳೆದರು. ಆಮೇಲೆ ಬಾಟಲಿ, ಕಲ್ಲು, ಕುದುರೆ ಪೊಲೀಸರು... ಬೀದಿ ತುಂಬ ಗಾಜು.

"ಮೈ ವಾಟರ್, ಮೈ ವಾಟರ್" ಎಂದು ಕೂಗಿದವಳು ನಾನು. ಯಾರಿಗೂ ಕೇಳಿಸಲಿಲ್ಲ.

ಶನಿವಾರ, 4 ಮಾರ್ಚ್

ಪೇಪರಿನಲ್ಲಿ ಬಂದಿದೆ — ಲೋಹದ ಪಾತ್ರೆಯಿಂದ ಪೊಲೀಸನ ಮೇಲೆ ಹಲ್ಲೆ. ಐರಿನ್‌ಗೆ ಜೈಲಾಗಬಹುದಂತೆ.

ತ್ರಿವಿಕ್ರಮ ಕಾಫಿ ಸಹ ಕುಡಿಯಲಿಲ್ಲ. "ಅತ್ತೆ, ನೀವೇನೂ ನೋಡಿಲ್ಲ. ಇಲ್ಲೇ ಖಾಯಂ ಇರೋಕೆ ಹಾಕಿದ ನನ್ನ ಪಿಆರ್ ಫೈಲ್ ಸರ್ಕಾರದವರ ಟೇಬಲ್ ಮೇಲಿದೆ."

"ನೋಡಿದೀನಲ್ಲಪ್ಪ."

"ಚೊಂಬು ನಮ್ದು ಅಂತ ಗೊತ್ತಾದ್ರೆ?"

"ತಳದಲ್ಲಿ ನಿಮ್ಮ ಮಾವನವರ ಹೆಸರೇ ಕೊರೆಸಿದೆ. ಕನ್ನಡ ಓದೋ ಪೊಲೀಸ್ ಸಿಕ್ಕಿದ್ರೆ ಗೊತ್ತಾಗುತ್ತೆ."

ಅಹಲ್ಯಾ ನಕ್ಕಳು. ಅವನು ನೋಡಿದ ನೋಟಕ್ಕೆ ಸುಮ್ಮನಾದಳು.

ಮೆಲ್ಬೋರ್ನ್
ಶನಿವಾರ, 11 ಮಾರ್ಚ್

ತಮ್ಮ ಚಕ್ರಪಾಣಿಯ ಮನೆ. ಹವಾ ಬದಲಾವಣೆಗೆಂದು ಹೇಳಿ ಭಾನುವಾರವೇ ಬಸ್ಸು ಹತ್ತಿಸಿಬಿಟ್ಟರು. ಬರೆಯುವ ಮನಸ್ಸಿರಲಿಲ್ಲ.

ಇವತ್ತು ಇದೆ! ಐರಿನ್‌ಳ ವಕೀಲೆಯ ಕಾಗದ ಸಿಡ್ನಿ ಮನೆಗೆ ಬಂದಿತ್ತಂತೆ. ಅಹಲ್ಯಾ ಗಂಡನಿಗೆ ಹೇಳದೆ ಇಲ್ಲಿಗೆ ಕಳಿಸಿದ್ದಾಳೆ, ಕೆಳಗೆ ಕನ್ನಡದಲ್ಲಿ ಅರ್ಥ ಬರೆದು. ಒಂದೇ ಪ್ರಶ್ನೆ: ಬಾಯಾರಿದವಳು ಪಾತ್ರೆಯನ್ನು ತಲೆಗಿಂತ ಮೇಲೆ ಏಕೆ ಎತ್ತಿದಳು? ಹೊಡೆಯಲೆಂದೇ ಎತ್ತಿದಳು ಎಂದು ಪೊಲೀಸರ ವಾದ.

ಏಕೆಂದು ನನಗೆ ಗೊತ್ತು.

ಚಕ್ರಪಾಣಿ ಓದಿ ಕನ್ನಡಕ ತೆಗೆದ. "ಅಕ್ಕ, ನೀರು ಕೊಟ್ಟೆ ಅಂತಷ್ಟೇ ಬರಿ. ಎಂಜಲು, ಮಡಿ ಅಂತೆಲ್ಲ ಹೇಳಿದ್ರೆ ಕೋರ್ಟಲ್ಲಿ ನಮಗೇ ಉಗೀತಾರೆ."

"ಉಗೀಲಿ ಬಿಡೋ. ಒರೆಸಿಕೊಂಡರಾಯ್ತು."

ಮಂಗಳವಾರ, 14 ಮಾರ್ಚ್, ಬೆಳಿಗ್ಗೆ 10

ಬರೆದು ಮುಗಿಸಿದೆ. ನಾಲ್ಕು ಪುಟ. ಮೂರನೆಯದರಲ್ಲಿ — "ಅವಳು ಎತ್ತಿದ್ದು ನಾನು ಹೇಳಿದ್ದರಿಂದ. ಅವಳ ತುಟಿ ನನ್ನ ಪಾತ್ರೆಗೆ ತಾಗುವುದು ನನಗೆ ಬೇಡವಾಗಿತ್ತು." ಈ ಸಾಲಿಗೆ ಬಂದಾಗಲೆಲ್ಲ ಪೆನ್ನು ನಿಂತಿತು. ಹೊಡೆದಾಡಲು ಬಂದವಳಲ್ಲ, ನನ್ನ ಮರ್ಯಾದೆ ಕಾಯಲು ಹೋಗಿ ಏಟು ತಿಂದವಳು. ದೇವರ ಮುಂದಿಟ್ಟು ಸಹಿ ಹಾಕಿದೆ. ಮೈಯೆಲ್ಲ ಹಗುರ. ಎದ್ದು ಓಡೋಣ ಎನ್ನಿಸುತ್ತಿದೆ.

ವಿಚಾರಣೆ ಶುಕ್ರವಾರ. ಅಂಚೆಗೆ ಹಾಕಿ ಅದು ತಡವಾದರೆ? ಸಿಡ್ನಿಗೆ ಫೋನ್ ಮಾಡಿದೆ. ತೆಗೆದದ್ದು ತ್ರಿವಿಕ್ರಮ. ಇರಲಿ, ಅವನಿಗೇ ಹೇಳಿದೆ.

"ಎಲ್ಲಾ ಬರ್ದಿದೀನಿ. ಚೊಂಬು ನಮ್ದು ಅಂತಾನೂ."

ಅವನು ಬಾಯಿ ಹಾಕುವ ಮೊದಲೇ ಮುಂದುವರಿಸಿದೆ.

"ನೀವಾದ್ರೂ ಸರಿ, ಅಹಲ್ಯಾ ಆದ್ರೂ ಸರಿ. ಇವತ್ತೇ ಹೊರಟು ಬಂದು ನನ್ನ ಉತ್ತರ ತಗೊಂಡ್ ಹೋಗಿ. ಇಲ್ಲಾಂದ್ರೆ ರಾತ್ರಿ ಬಸ್ಸಿಗೆ ನಾನೇ —"

ಅವನು ಫೋನ್ ಇಟ್ಟುಬಿಟ್ಟ; ನಾನು ರಾತ್ರಿ ಬಸ್ಸಿಗೆ ಚೀಲ ತುಂಬುತ್ತಿದ್ದೇನೆ.