ಆರುನೂರ ಹನ್ನೊಂದನೆಯ ಸ್ಲೈಸ್

ಮಾರ್ಚ್ 3, ಸೋಮವಾರ

ಸ್ಲೈಸ್ 212ರಿಂದ 231. ಇಪ್ಪತ್ತು. ಕುತ್ತಿಗೆ ಹಿಡಿದಿದೆ.

ಇಲಿಯೊಂದರ ಒಳಗಿವಿ. ಸಾಸಿವೆ ಕಾಳಿಗಿಂತ ಚಿಕ್ಕ ತುಂಡು. ಅದನ್ನು ಕಂಡೂ ಕಾಣದಷ್ಟು ತೆಳುವಾಗಿ ಕೊಯ್ದು, ಒಂದೊಂದು ಸ್ಲೈಸನ್ನೂ ಮೈಕ್ರೋಸ್ಕೋಪಿನಲ್ಲಿ ಫೋಟೋ ತೆಗೆದು ನನಗೆ ಕಳಿಸುತ್ತಾರೆ. ನಾನು ಪರದೆಯ ಮೇಲೆ ಜೀವಕೋಶಗಳ ಅಂಚು ತಿದ್ದಿ ಬಣ್ಣ ತುಂಬಬೇಕು. ಕಂಪ್ಯೂಟರ್ ಎಲ್ಲವನ್ನೂ ಒಂದರ ಮೇಲೊಂದು ಪೇರಿಸಿ, ದುಂಡಗೆ ನಿಲ್ಲಿಸಿ, ತಿರುಗಿಸಿ ತೋರಿಸುತ್ತದೆ. ಬಾಗಿಲ ಬೋರ್ಡಿನಲ್ಲಿ ನನ್ನ ಹುದ್ದೆಯ ಹೆಸರು ಎರಡು ಸಾಲು. ಮನೆಯಲ್ಲಿ ಅಷ್ಟು ಗೌರವವಿಲ್ಲ. "ಮಗಳು ನರ್ಸರಿಯಲ್ಲಿ ಮಾಡೋದನ್ನೇ ನೀವು ಆಫೀಸಲ್ಲಿ ಮಾಡ್ತೀರ. ಅವಳು ಗೆರೆ ದಾಟಲ್ಲ, ಅಷ್ಟೇ ವ್ಯತ್ಯಾಸ" – ಇವಳು.

ಮಾರ್ಚ್ 6, ಗುರುವಾರ

ಕೊಯ್ಯುವವರು ಪಕ್ಕದ ಕೋಣೆಯ ಅಕ್ಕ. ಇಡೀ ಲ್ಯಾಬಿಗೇ ಅಕ್ಕ. ವಜ್ರದ ಚಾಕು, ಕೊಯ್ದದ್ದು ನೀರಿನ ಮೇಲೆ ತೇಲುತ್ತದೆ. ಅದನ್ನು ಹರಿಯದಂತೆ ಪುಸಲಾಯಿಸಿ ತಾಮ್ರದ ಜಾಲರಿಗೆ ಹತ್ತಿಸುವುದು ಕಡ್ಡಿಯ ತುದಿಗೆ ಅಂಟಿಸಿದ ಒಂದೇ ಒಂದು ರೆಪ್ಪೆಗೂದಲಿನಿಂದ. ಕೋಟಿ ಬೆಲೆಯ ಯಂತ್ರದ ಪಕ್ಕದಲ್ಲಿ ರೆಪ್ಪೆಗೂದಲು! ಹದಿನೆಂಟು ವರ್ಷದಿಂದ ಅಕ್ಕ ತಮ್ಮದೇ ಕಣ್ಣಿನದನ್ನು ಬಳಸುತ್ತಾರೆ. ಬೇರೆಯವರದು ಒರಟಂತೆ.

ಇವತ್ತು ನನ್ನ ಮೇಜಿಗೇ ಬಂದರು. ತಲೆಗೆ ಸ್ಕಾರ್ಫ್, ಕಪ್ಪು ಕನ್ನಡಕ.

"ಏಯ್, ಒಂದು ರೆಪ್ಪೆಗೂದಲು ಕೊಡೋ."

"ಯಾಕಕ್ಕ, ನಿಮ್ಮ ಸ್ಟಾಕ್ ಖಾಲಿ ಆಯ್ತಾ?"

"ಹೂಂ ಕಣೋ, ಪೂರ್ತಿ ಖಾಲಿ."

ನಕ್ಕೆ. ಅವರೂ ನಕ್ಕರು. ಚಿಮ್ಮಟದಿಂದ ಕಿತ್ತರು. ಕಣ್ಣಲ್ಲಿ ನೀರು ಬಂತು – ನನಗೆ. "ಅಳಬೇಡ, ಮತ್ತೆ ಬರುತ್ತೆ" ಅಂದರು.

ಅವರು ಹೋದ ಮೇಲೆ ಹೊಳೆಯಿತು. ಕನ್ನಡಕದ ಮೇಲೆ ಹುಬ್ಬೂ ಇರಲಿಲ್ಲ. ಸ್ಕಾರ್ಫನ್ನು ಇಷ್ಟು ದಿನ ಏಸಿ ಚಳಿಗೆ ಅಂದುಕೊಂಡಿದ್ದೆ. ಕೋಶದ ಅಂಚು ಹುಡುಕುವ ಮಹಾ ಪರಿಣತ!

ಮಾರ್ಚ್ 7, ಶುಕ್ರವಾರ

ಕೇಳಿಯೇಬಿಟ್ಟೆ. ಕ್ಯಾನ್ಸರ್. ಎರಡನೇ ಸಲ.

"ಇನ್ನು ನೂರನಲವತ್ತು ಸ್ಲೈಸ್ ಇದೆ. ಅಷ್ಟು ಮುಗಿಸ್ತೀನಿ. ಸಾಹೇಬರ ಕಿವಿಗೆ ಹಾಕಬೇಡ, ಮನೆಗೆ ಕಳಿಸಿಬಿಡ್ತಾರೆ. ಮನೇಲಿ ಕೂತು ಏನು ಕೊಯ್ಲಿ, ಸೌತೆಕಾಯಾ?"

ಮಾತು ಕೊಟ್ಟೆ.

ಮಾರ್ಚ್ 19, ಬುಧವಾರ

ಅಕ್ಕ ಬಾಗಿಲಲ್ಲೇ ನಿಂತರು.

"ಆರುನೂರ ಹನ್ನೊಂದು ಹೋಯ್ತು ಕಣೋ. ಬೆರಳು ಜೋಮು ಹಿಡಿದಿತ್ತು. ಜಾಲರಿ ಬಿದ್ದದ್ದೇ ಕೈಗೆ ಗೊತ್ತಾಗಲಿಲ್ಲ."

ಸಮಾಧಾನ ಹೇಳಿದೆ. ಒಂದು ಹೋದರೆ ಹಿಂದಿನದನ್ನೇ ಕಾಪಿ ಮಾಡಿ ತುಂಬುವುದು ನಮ್ಮಲ್ಲಿ ವಾಡಿಕೆ. ಯಾರಿಗೂ ತಿಳಿಯುವುದಿಲ್ಲ.

"ಬೇಡ. ಖಾಲಿ ಬಿಡು, ಕಪ್ಪಾಗೇ ಇರಲಿ. ಇಲ್ಲದ್ದನ್ನ ಇದೆ ಅಂತ ತೋರಿಸಬೇಡ. ಕಳೆದವಳು ನಾನು. ಅಲ್ಲಿ ನಾನು ಇರ್ತೀನಿ."

ಏಪ್ರಿಲ್ 2, ಬುಧವಾರ

640. ಕೊನೆಯದು. ಅಕ್ಕ ಕೊಯ್ದರು, ಚಾಕು ಒರೆಸಿದರು, ಪೆಟ್ಟಿಗೆಯಲ್ಲಿಟ್ಟರು. ನಾಳೆಯಿಂದ ರಜೆ ಅಂದರು. ಎಷ್ಟು ದಿನ ಅಂತ ಸಾಹೇಬರೂ ಕೇಳಲಿಲ್ಲ. ಅವರಿಗೂ ಗೊತ್ತಿತ್ತೇನೋ...

ಏಪ್ರಿಲ್ 7, ಸೋಮವಾರ

ಮಾಡೆಲ್ ತಿರುಗಿತು. ಶಂಖದ ಹಾಗೆ ಸುತ್ತಿಕೊಂಡ ಕಿವಿ, ನಡುವಿಗೊಂದು ಕಪ್ಪು ಗೆರೆ.

"ಇದಕ್ಕೆ ಬೆಲ್ಟ್ ಯಾಕ್ರೀ ಕಟ್ಟಿದೀರಿ? ನಾಳೆ ನೋಡೋಕೆ ಜನ ಬರ್ತಾರೆ, ತೆಗೀರಿ" – ಸಾಹೇಬರು.

610ನ್ನು ಕಾಪಿ ಮಾಡಿದೆ. 611ರ ಜಾಗಕ್ಕೆ ಅಂಟಿಸಿದೆ. ಹತ್ತು ಸೆಕೆಂಡ್ ಕೂಡ ಹಿಡಿಯಲಿಲ್ಲ.

ಏಪ್ರಿಲ್ 11, ಶುಕ್ರವಾರ

ಅಕ್ಕನ ಮನೆಗೆ ಹೋದೆ. ಕಿಟಕಿ ಪಕ್ಕ ಮಂಚ. ಲ್ಯಾಪ್‌ಟಾಪ್ ಅವರ ತೊಡೆಯ ಮೇಲಿಟ್ಟೆ. ಒಂದೇ ಬೆರಳಲ್ಲಿ ತಿರುಗಿಸಿದರು. ಒಂದು ಸುತ್ತು. ಇನ್ನೊಂದು ಸುತ್ತು. ಬೆರಳು ನಡುವಿನ ಹತ್ತಿರ ನಿಂತಿತು.

"ಎಲ್ಲೋ ನನ್ನ ಸ್ಲೈಸು?"

"ಇದೆಯಕ್ಕ. ಲ್ಯಾಪ್‌ಟಾಪ್ ಪರದೆ ಚಿಕ್ಕದು, ಅದಕ್ಕೆ ಕಾಣ್ತಿಲ್ಲ."

ನನ್ನ ಮುಖ ನೋಡಿದರು.

"ಇರಬೇಕು. ನನ್ನ ಕಣ್ಣೂ ಈಗ ಅಷ್ಟಕ್ಕಷ್ಟೆ."

ಹದಿನೆಂಟು ವರ್ಷದಲ್ಲಿ ಅಕ್ಕ ತಮ್ಮ ಕಣ್ಣನ್ನು ದೂರಿದ್ದು ಇದೇ ಮೊದಲು. ನನ್ನನ್ನು ಉಳಿಸುವುದಕ್ಕೆ.

ಸೋಮವಾರ ಮೊದಲ ಕೆಲಸ ಅದೇ. ಅಂಟಿಸಿದ್ದನ್ನು ತೆಗೆಯುವುದು. ಮತ್ತೆ ತೋರಿಸುವುದು.

ಏಪ್ರಿಲ್ 18, ಶುಕ್ರವಾರ

ವಾರವಿಡೀ ನೋಡಲು ಬರುವವರ ಗಲಾಟೆ. ತೆಗೆಯಲಾಗಲಿಲ್ಲ. ಹತ್ತು ಸೆಕೆಂಡಿನ ಕೆಲಸಕ್ಕೆ ಪುರುಸೊತ್ತಿಲ್ಲದ ದೊಡ್ಡ ಮನುಷ್ಯ. ಸೋಮವಾರ ಖಂಡಿತ.

ಏಪ್ರಿಲ್ 24, ಗುರುವಾರ

ಅಕ್ಕ ಹೋದರು. ಶನಿವಾರ, ಹತ್ತೊಂಬತ್ತರಂದು.

ಇವತ್ತು ಲ್ಯಾಬಿಗೆ ಬಂದವನೇ 611 ತೆಗೆದೆ. ಕಪ್ಪು ಗೆರೆ ಬಂದು ಕೂತಿತು.

"ಬೆಲ್ಟ್ ಮತ್ತೆ ಬಂತಲ್ರೀ?"

"ಇರಲಿ ಸಾರ್. ಅದು ಅಕ್ಕನದು."

ಸಾಹೇಬರು ಮಾಡೆಲನ್ನು ಒಂದು ಸುತ್ತು ತಿರುಗಿಸಿದರು. ಗೆರೆಯನ್ನು ಹಾಗೇ ಬಿಟ್ಟು ಹೋದರು.

ಪಕ್ಕದ ಕೋಣೆಯ ಡ್ರಾಯರ್ ಖಾಲಿ ಮಾಡಲು ನನಗೇ ಹೇಳಿದ್ದಾರೆ. ಚಾಕುವಿನ ಪೆಟ್ಟಿಗೆ. ಕನ್ನಡಕ. ರೆಪ್ಪೆಗೂದಲಿನ ಕಡ್ಡಿ – ನನ್ನ ರೆಪ್ಪೆಯದು. ಹಿಡಿಗೆ ಸಣ್ಣ ಚೀಟಿ ಸುತ್ತಿದೆ, ಅಕ್ಕನ ಅಕ್ಷರ: "ತಮ್ಮನದು. ಒರಟಲ್ಲ."

ಈ ಡೈರಿಯಲ್ಲೂ ಅಕ್ಕ ಹೋದ ದಿನದಿಂದ ಐದು ದಿನ ಇಲ್ಲ. ತುಂಬಿಸೋಣವೆಂದು ಕೂತೆ. ಹದಿನೆಂಟನೇ ತಾರೀಖನ್ನೇ ನೋಡಿಕೊಂಡು ಒಂದಿಷ್ಟು...

ಬೇಡ. ಖಾಲಿ ಇರಲಿ.

ಇವತ್ತು ತಿದ್ದಿದ ಸ್ಲೈಸ್ – 611. ಒಂದೇ ಒಂದು.